ಮಾವನ ಕಾರಿನ ಗಾಜು

ನಮ್ಮ ಮಾವನ ಹೆಗಲ ಮೇಲೆ ಯಾವಾಗಲೂ ಎರಡು ಬಟ್ಟೆ ಇರುತ್ತಿದ್ದವು. ಬೆವರಿಗೊಂದು, ಕಾರಿಗೊಂದು. ಎರಡರಲ್ಲಿ ಕಾರಿನದೇ ಬೆಳ್ಳಗಿರುತ್ತಿತ್ತು.

ಮಾವ ಎಂದರೆ ಅವ್ವನ ತಮ್ಮ. ತಮಿಳು ಸೀಮೆಯ ನಂಗವಳ್ಳಿಯಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದವರು, ಯಾರು ಬೇಡವೆಂದರೂ ಕೇಳದೆ ತೊಂಬತ್ತರ ದಶಕದ ಒಂದು ಹಳೇ ಕಾಂಟೆಸ್ಸಾ ಕಾರು ತಂದರು. ಉದ್ದ ಮೂತಿ, ಕೆನೆ ಬಣ್ಣ, ಕಡುಗೆಂಪು ವೆಲ್ವೆಟ್ ಸೀಟು, ಹಿಂದಿನ ಗಾಜಿಗೆ ಲೇಸಿನ ಪರದೆ. ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಅರ್ಧ ಮೂತಿ ಆಚೆ. ಕಾರನ್ನು ಗಿಡ್ಡ ಮಾಡಲಾಗದಲ್ಲ, ಎಮ್ಮೆಯನ್ನೇ ಪಕ್ಕಕ್ಕೆ ಸರಿಸಿ ಕಟ್ಟಿದರು. ಹೊಸ ಕಾರುಗಳನ್ನು ಕಂಡರೆ ಅವರಿಗೆ ತಾತ್ಸಾರ. “ಈಗಿನ ಕಾರೆಲ್ಲ ತೇದ ಸೋಪು. ಕಾರಂದ್ರೆ ಮೂಲೆ ಇರ್ಬೇಕು ಕಣವ್ವ,” ಎನ್ನುತ್ತಿದ್ದರು.

ಅವರ ಅಸಲು ಹೆಮ್ಮೆ ಗಾಜು. ಗುಂಡಿ ಒತ್ತಿದರೆ ತಾನೇ ಇಳಿಯುವ ಗಾಜು ಆಗ ನಮ್ಮ ಕಡೆ ಯಾರ ಕಾರಿಗಿತ್ತು? ಆದರೆ ಅದನ್ನು ಒತ್ತುವಂತಿರಲಿಲ್ಲ, ಸವೆದುಹೋಗುತ್ತದಂತೆ! ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮಾವನೇ ಒಂದು ಸಲ ಇಳಿಸಿ ಏರಿಸುವರು, ನಾವು ಸಾಲಾಗಿ ನಿಂತು ನೋಡಬೇಕು. ಬಿಸಿಲಲ್ಲಿ ಬೆಂದು ಕೂತಾಗ ಬೆರಳು ಗುಂಡಿಯ ಕಡೆ ಹೋದರೆ ಸಾಕು, ಮುಂದಿನ ಕನ್ನಡಿಯಲ್ಲಿ ಅವರ ಕಣ್ಣು ಕಾಣಿಸಿಕೊಂಡು “ತೊಡಾದೆ” ಎಂದು ಗದರುತ್ತಿತ್ತು. ಮುಟ್ಟಬೇಡ ಎನ್ನುವುದು ಅವರಿಗೆ ಕನ್ನಡದಲ್ಲಿ ಬರುತ್ತಲೇ ಇರಲಿಲ್ಲ. ಬೈಗುಳ ತಮಿಳಿನಲ್ಲಿ, ಮುದ್ದು ಕನ್ನಡದಲ್ಲಿ.

ನನ್ನ ಮದುವೆ ತಾರಮಂಗಲಂನಲ್ಲಿ ಆಯಿತು. ಮದುಮಗಳನ್ನು ಸೋದರಮಾವ ಎತ್ತಿ ತರುವುದು ನಮ್ಮ ಮನೆಯ ಶಾಸ್ತ್ರ. ಮಾವನಿಗೆ ಸೊಂಟನೋವು, ನನ್ನ ತೂಕವೋ ಊರಿಗೇ ಗೊತ್ತು. “ನಾನೇ ಯಾಕೆ ಎತ್ಬೇಕು, ಕಾರು ಎತ್ಕೊಂಡು ಬತ್ತದೆ,” ಎಂದು ತೀರ್ಪು ಕೊಟ್ಟರು. ಶಾಸ್ತ್ರ ಕೆಡಿಸಿದರೆ ಧಾರೆಯ ಹೊತ್ತಿಗೆ ತಾನು ಒಳಗೇ ಬರುವುದಿಲ್ಲ ಎಂದು ಅವರ ತಾಯಿ, ನಮ್ಮ ಅಜ್ಜಿ, ಮುನಿಸಿಕೊಂಡರು. ನನಗೆ ಅಜ್ಜಿಯಿಲ್ಲದೆ ಮದುವೆಯೇ ಬೇಡ ಅನ್ನಿಸಿತ್ತು.

ಕಾರಿನ ಹಿಂಬಾಗಿಲುಗಳನ್ನು ಎಮ್ಮೆ ಕೊಂಬಿನಿಂದ ಗೀರಿಟ್ಟಿತ್ತು. ಮದುವೆಯ ಹಿಂದಿನ ಸಂಜೆ ಮಾವ ಅವಕ್ಕೆ ಹೊಸ ಪೇಂಟ್ ಹೊಡೆಸಿದರು. ಬೆಳಗ್ಗೆ ಸೀರೆ ಮುದುರದಿರಲೆಂದು ಹಿಂದೆ ನನ್ನೊಬ್ಬಳನ್ನೇ ಕೂರಿಸಿ, ಬಾಗಿಲನ್ನು ಬಲವಾಗಿ ದೂಡಿದರು. ಮಂಟಪ ತಲುಪುವಷ್ಟರಲ್ಲಿ ಅರೆ ಒಣಗಿದ ಪೇಂಟ್ ಬಿಸಿಲಿಗೆ ಅಂಟಿ, ಎರಡೂ ಬಾಗಿಲು ಭದ್ರವಾಗಿ ಹಿಡಿದುಕೊಂಡಿದ್ದವು. ಮಾವ ಎಳೆದರು, ಅಣ್ಣ ಎಳೆದ, ನಾದಸ್ವರದವರೂ ವಾದ್ಯ ಕೆಳಗಿಟ್ಟು ಎಳೆದರು. ಮುಹೂರ್ತಕ್ಕೆ ಹತ್ತೇ ನಿಮಿಷ. ಮುಂದಿನ ಸೀಟು ದಾಟಿಸಿ ಕರೆತನ್ನಿ ಎಂದರು ಯಾರೋ. “ನಮ್ಮಕ್ಕನ ಮಗಳು ಮೇಕೆ ಅಂಗೆ ಆರ್ಕೊಂಡು ಬರಾದಾ?” ಎಂದು ಮಾವ ಅವರ ಮೇಲೆ ರೇಗಿದರು.

ನಾನು ಒಳಗೆ ಅಳಲು ಶುರು ಮಾಡಿದ್ದೆ. ಮಾವ ಗಾಜಿಗೆ ಹಣೆ ಒತ್ತಿ ನನ್ನನ್ನೇ ನೋಡಿದರು.

“ಒತ್ತು ಕಣವ್ವ.”

ನಾನು ಕೈ ಎತ್ತಲಿಲ್ಲ. ಅಷ್ಟು ವರ್ಷದ ಭಯ!

“ಸವೆದೋದ್ರೆ ಓಗ್ಲಿ. ಒತ್ತು.”

ಗಾಜು ಸರಾಗವಾಗಿ ಇಳಿಯಿತು. ಮಾವ ಎರಡೂ ಕೈ ಒಳಗೆ ಹಾಕಿ, ಕಿಟಕಿಯಿಂದಲೇ ನನ್ನನ್ನು ಎತ್ತಿದರು. ಎತ್ತಿದವರು ಕೆಳಗಿಳಿಸಲಿಲ್ಲ, ಏದುಸಿರು ಬಿಡುತ್ತ ಹಾಗೇ ಮಂಟಪದವರೆಗೆ ಹೊತ್ತು ನಡೆದರು. ಅಜ್ಜಿ ಗೆದ್ದ ಮುಖ ಮಾಡಿಕೊಂಡು ಹಿಂದೆಯೇ ಒಳಗೆ ಬಂದರು. ಆಮೇಲೆ ಮಾವ ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ನನ್ನ ಧಾರೆ ಸೀರೆಯಲ್ಲಿ ಕೆನೆ ಬಣ್ಣದ ಗೆರೆಯೊಂದು ಇನ್ನೂ ಇದೆ, ತೆಗೆಸಿಲ್ಲ.

ಮಾವ ಹೋದ ವರ್ಷ ತೀರಿಕೊಂಡರು. ಹನ್ನೊಂದನೆಯ ದಿನ ಎಲ್ಲರೂ ಎಲೆಯ ಮುಂದೆ ಕೂತಾಗ ನಾನು ಕೊಟ್ಟಿಗೆಗೆ ಹೋಗಿ, ಕೀಲಿ ತಿರುಗಿಸಿ, ಹಿಂದಿನ ಸೀಟಿನಲ್ಲಿ ಕೂತೆ. ಗುಂಡಿ ಒತ್ತಿದೆ. ಗಾಜು ಇಳಿಯಿತು. ಏರಿಸಿದೆ, ಮತ್ತೆ ಇಳಿಸಿದೆ, ಬೇಕೆಂದೇ ಐದಾರು ಸಲ ಆಡಿಸಿದೆ. ಕನ್ನಡಿಯ ಕಡೆ ನೋಡಿದೆ, ಯಾರೂ ಗದರಲಿಲ್ಲ. ಸ್ಟೀರಿಂಗಿನ ಮೇಲೆ ಅವರ ಎರಡನೆಯ ಬಟ್ಟೆ ಬೆಳ್ಳಗೆ ಮಡಚಿಟ್ಟಿತ್ತು. ಅದರಲ್ಲಿ ಗುಂಡಿಯ ಮೇಲಿನ ನನ್ನ ಬೆರಳ ಗುರುತನ್ನು ಒರೆಸಿ, ಕಣ್ಣನ್ನು ಮಾತ್ರ ಸೆರಗಿನಲ್ಲೇ ಒರೆಸಿಕೊಂಡು ಊಟಕ್ಕೆ ಹೋದೆ.