ಪಂಚಶೀಲಾ ಮೇಡಂ ಕಲಿಸಿದ ಓದು

ಪಂಚಶೀಲಾ ಶಹಾಪುರದ ಒಂದು ಖಾಸಗಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೋರ್ಸಿನ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಹುಟ್ಟಿದ್ದು ವಡಗೇರಾ ಹತ್ತಿರದ ಹಳ್ಳಿಯಲ್ಲಿ. ತಂದೆ ಬೇಗ ತೀರಿಕೊಂಡಿದ್ದ. ತಾಯಿ ಕರೆಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗಿ ಒಬ್ಬಳೇ ಮಗಳನ್ನು ಡಿಪ್ಲೊಮಾ ತನಕ ಓದಿಸಿದ್ದಳು. ಈಗ ತಾಯಿ ಮಗಳಿಬ್ಬರೂ ಶಹಾಪುರದಲ್ಲಿ, ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಎದುರಿನ ಓಣಿಯೊಂದರಲ್ಲಿ ಬಾಡಿಗೆಗಿದ್ದರು.

ಡಿಪ್ಲೊಮಾದ ಮೊದಲ ವರ್ಷವನ್ನು ಪಂಚಶೀಲಾ ಎಂದೂ ಮರೆತಿರಲಿಲ್ಲ. ಹತ್ತನೆಯ ತರಗತಿ ತನಕ ಕನ್ನಡದಲ್ಲಿ ಕಲಿತವಳು ಅವಳು. ಇಂಗ್ಲಿಷ್ ಪುಸ್ತಕದ ಅಕ್ಷರಗಳನ್ನೆಲ್ಲ ಓದುತ್ತಿದ್ದಳು, ತಲೆಗೆ ಮಾತ್ರ ಏನೂ ಇಳಿಯುತ್ತಿರಲಿಲ್ಲ. ಲೋಡ್ ಎಂದರೆ ಅವಳಿಗೆ ಹತ್ತಿ ತುಂಬಿದ ಲಾರಿ, ಫೇಸ್ ಎಂದರೆ ಮುಖ. ಆ ವರ್ಷ ಮೂರು ವಿಷಯಗಳಲ್ಲಿ ನಪಾಸಾಗಿ, ಊರಿಗೆ ಹೋಗಿ ತಾಯಿಗೆ ಮುಖ ತೋರಿಸಲಾಗದೆ ಹಾಸ್ಟೆಲಿನಲ್ಲೇ ರಜೆ ಕಳೆದಳು. ಆಮೇಲೆ ಒಂದೊಂದೇ ಶಬ್ದವನ್ನು ಹಿಡಿದು, ಅದು ಈ ಪುಸ್ತಕದಲ್ಲಿ ಏನು ಹೇಳುತ್ತಿದೆ ಎಂದು ಕಂಡಕಂಡವರನ್ನೆಲ್ಲ ಕೇಳಿ ಪಾಸಾದಳು.

ತಾನು ಮೇಡಂ ಆದ ಮೇಲೆ ಅವಳು ಮೊದಲು ಗಮನಿಸಿದ್ದು ಇದನ್ನೇ. ಎದುರಿನ ಬೆಂಚುಗಳಲ್ಲಿ ಕುಳಿತವರಿಗೂ ಓದಲು ಬರುತ್ತಿತ್ತು, ಓದಿದ್ದು ತಿಳಿಯುತ್ತಿರಲಿಲ್ಲ. ಕನ್ನಡಕ್ಕೆ ಇಳಿಸಿದ ಪುಸ್ತಕವಂತೂ ಇಂಗ್ಲಿಷಿಗಿಂತ ಕಠಿಣವಾಗಿತ್ತು. ಹಾಗಾಗಿ ಪಾಠದ ಮೊದಲ ಕಾಲು ಗಂಟೆಯನ್ನು ಅವಳು ಬರೀ ಓದಿಗೆ ಮೀಸಲಿಟ್ಟಳು. ಒಂದು ವಾಕ್ಯ ಓದಿಸುವಳು, ಅದು ಏನು ಮಾಡು ಎನ್ನುತ್ತದೆ, ಏನು ಮಾಡಬೇಡ ಎನ್ನುತ್ತದೆ ಎಂದು ಕೇಳುವಳು. ಬೆಂಚುಗಳ ನಡುವೆ ಓಡಾಡುತ್ತ ಹುಡುಗರ ಮುಖ ನೋಡಿದರೆ ಸಾಕು, ಯಾರಿಗೆ ತಿಳಿದಿಲ್ಲ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು.

ಕೊರೊನಾದ ಎರಡನೆಯ ಅಲೆ ಬಂದು ಐಟಿಐ ಬಾಗಿಲು ಮುಚ್ಚಿದಾಗ ಆ ಮುಖಗಳು ಹೋದವು. ಮೊಬೈಲಿನಲ್ಲಿ ಪಾಠ ಶುರುವಾಯಿತು. ಡೇಟಾ ಉಳಿಸಲು ಹುಡುಗರೆಲ್ಲ ಕ್ಯಾಮೆರಾ ಬಂದ್ ಮಾಡುತ್ತಿದ್ದರು. ಪರದೆಯ ಮೇಲೆ ಉಳಿದದ್ದು ಹೆಸರುಗಳು ಮಾತ್ರ. ತಿಳಿಯಿತೇ ಎಂದು ಕೇಳಿದರೆ ಎಲ್ಲ ಕಡೆಯಿಂದ ಹೌದ್ರಿ ಮೇಡಂ ಎಂಬ ಉತ್ತರ ಬರುತ್ತಿತ್ತು.

ಆ ಹೆಸರುಗಳಲ್ಲಿ ಮಲ್ಲೇಶ್ವರಿ ಒಬ್ಬಳು. ಆ ತಂಡದಲ್ಲಿದ್ದ ಒಬ್ಬಳೇ ಹುಡುಗಿ. ಸುರಪುರದ ಆಚೆ, ಕೊಡೇಕಲ್ ಸಮೀಪದ ಹಳ್ಳಿಯವಳು. ತಂದೆ ಬಸವಂತ ಕಾಲುವೆಯಿಂದ ಪಂಪಿನಲ್ಲಿ ನೀರೆತ್ತಿ ಭತ್ತ ಬೆಳೆಯುತ್ತಿದ್ದ. ಪಂಪು ಕೆಟ್ಟಾಗಲೆಲ್ಲ ರಿಪೇರಿಯವನಿಗಾಗಿ ವಾರಗಟ್ಟಲೆ ಕಾಯುವ ಅಪ್ಪನನ್ನು ನೋಡಿ ನೋಡಿಯೇ ತಾನು ಈ ಕೋರ್ಸಿಗೆ ಸೇರಿದ್ದು ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಓದುವುದರಲ್ಲಿ ಎಲ್ಲರಿಗಿಂತ ಚುರುಕು. ಎಂಥ ಉದ್ದದ ಶಬ್ದವಿದ್ದರೂ ತಡವರಿಸುತ್ತಿರಲಿಲ್ಲ. ಪಂಚಶೀಲಾ ಎಷ್ಟೋ ಸಲ ಅವಳಿಂದಲೇ ಓದಿಸಿ, ಹಿಂಗ ಓದಬೇಕು ನೋಡ್ರಿ ಎಂದು ಉಳಿದವರಿಗೆ ಹೇಳಿದ್ದಳು.

ಜೂನ್ ತಿಂಗಳ ಒಂದು ಪಾಠದಲ್ಲಿ ಪಂಚಶೀಲಾ ಮಕ್ಕಳಿಗೆ ಒಂದು ಕೆಲಸ ಕೊಟ್ಟಳು. ಹೊಲದ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಒಂದು ತಗಡು ಇರುತ್ತದೆ, ಅದರಲ್ಲಿ ಏನೇನು ಬರೆದಿದೆ ಎಂದು ಓದಿಕೊಂಡು ಬಂದು ಅರ್ಥ ಹೇಳಬೇಕು. ಕೊನೆಗೆ ಅವಳು ಹೇಳಿದ ಮಾತು ಇದು:

“ಪೆಟ್ಟಿಗಿ ಬಾಗಲಾ ಮಾತ್ರ ತೆಗೀಬ್ಯಾಡ್ರಿ.”

ಮಲ್ಲೇಶ್ವರಿ ನೆಟ್‌ವರ್ಕ್ ಹುಡುಕಿಕೊಂಡು ಊರ ಹೊರಗಿನ ಕಾಲುವೆ ಏರಿಯ ಮೇಲೆ ಕುಳಿತಿದ್ದಳು. ಅವಳಿಗೆ ‘ತೆಗೀ’ ಎನ್ನುವ ತನಕ ಕೇಳಿಸಿತು. ಆಮೇಲೆ ದನಿ ಕಟ್ಟಾಯಿತು. ಮತ್ತೆ ಸೇರಿಕೊಳ್ಳುವಷ್ಟರಲ್ಲಿ ಮೇಡಂ ಮುಂದಿನ ಪಾಠಕ್ಕೆ ಹೋಗಿದ್ದರು. ಎಲ್ಲರ ನಡುವೆ ಪಾಠ ನಿಲ್ಲಿಸಿ ಕೇಳಲು ಅವಳಿಗೆ ಸಂಕೋಚವಾಯಿತು.

ಮರುದಿನ ಬೆಳಿಗ್ಗೆ ಅವಳು ಹೊಲಕ್ಕೆ ಹೋದಳು. ಮೇಲಿನ ತಗಡಿಗೆ ತುಕ್ಕು ಹಿಡಿದು ಒಂದಕ್ಷರವೂ ಕಾಣುತ್ತಿರಲಿಲ್ಲ. ಪೆಟ್ಟಿಗೆ ತೆಗೆಯಿರಿ ಎಂದೇ ಮೇಡಂ ಹೇಳಿರಬೇಕು ಎಂದುಕೊಂಡಳು. ಬಾಗಿಲು ತೆಗೆದಳು. ಒಳಗೆ ತಂತಿಗಳ ಹಿಂದೆ ಇನ್ನೊಂದು ಚೀಟಿ ಅಂಟಿಸಿತ್ತು, ಅದರ ಮೇಲೆ ದೂಳು ಕೂತಿತ್ತು. ಕರೆಂಟು ಪಾಳಿಯ ಮೇಲೆ ಬರುತ್ತಿತ್ತು, ಆ ಹೊತ್ತಿಗೆ ಇರಲಿಲ್ಲ. ಅರಿವೆಯ ತುಂಡು ಹಿಡಿದು ದೂಳು ಒರೆಸಲು ಅವಳು ಬಲಗೈಯನ್ನು ಒಳಗೆ ಹಾಕಿದಾಗಲೇ ಪಾಳಿಯ ಕರೆಂಟು ಬಂತು.

ಭತ್ತದ ಮಡಿಯಲ್ಲಿದ್ದ ಬಸವಂತ ಓಡಿಬಂದು ಒಣ ಬಡಿಗೆಯಿಂದ ಹೊಡೆದು ಮಗಳನ್ನು ಬಿಡಿಸಿದ. ಸುರಪುರದಲ್ಲಿ ಪಟ್ಟಿ ಕಟ್ಟಿ ಕಲಬುರಗಿಗೆ ಕಳಿಸಿದರು. ಜೀವ ಉಳಿಯಿತು. ಬಲಗೈಯ ಎರಡು ಬೆರಳುಗಳನ್ನು ತೆಗೆದರು, ಉಳಿದವು ಸೆಟೆದುಕೊಂಡವು.

ಸುದ್ದಿ ತಿಳಿದ ಮೇಲೆ ಪಂಚಶೀಲಾ ಉಣ್ಣಲಿಲ್ಲ. ಕರೆಮ್ಮ ತಟ್ಟೆ ತಂದಿಟ್ಟು ಕುಳಿತಳು, ರೊಟ್ಟಿ ಬಿರುಸಾಯಿತು. ಐಟಿಐಯ ಪ್ರಿನ್ಸಿಪಾಲರು ಆ ದಿನದ ಪಾಠದ ರೆಕಾರ್ಡಿಂಗ್ ತರಿಸಿ ಕೇಳಿದರು. ಅದರಲ್ಲಿ ‘ತೆಗೀಬ್ಯಾಡ್ರಿ’ ಎಂಬುದು ಪೂರ್ತಿಯಾಗಿ ಇತ್ತು. ನಿಮ್ಮದೇನೂ ತಪ್ಪಿಲ್ಲ ಬಿಡ್ರಿ ಎಂದು ಅವರು ಸಮಾಧಾನ ಹೇಳಿದರು. ಬೈದಿದ್ದರೆ ಅಳಬಹುದಿತ್ತು.

ಬಸ್ಸುಗಳು ಓಡತೊಡಗಿದ ಮೇಲೆ ಅವಳು ಕಲಬುರಗಿಗೆ ಹೋದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಮಲ್ಲೇಶ್ವರಿಯ ತಾಯಿ ದೇವಕ್ಕ ಕುಳಿತಿದ್ದಳು. ಪಂಚಶೀಲಾಳನ್ನು ಕಂಡು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದಳು. ಒಳಗೆ ಹುಡುಗಿ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ಪಂಚಶೀಲಾ ಮಂಚದ ಪಕ್ಕದಲ್ಲಿ ಕುಳಿತಳು. ಮಲ್ಲೇಶ್ವರಿಯೇ ನಡೆದದ್ದನ್ನೆಲ್ಲ ಹೇಳಿದಳು. ದನಿ ಕಟ್ಟಾದದ್ದು, ಕೇಳಲು ನಾಚಿದ್ದು, ತಗಡಿಗೆ ತುಕ್ಕು ಹಿಡಿದದ್ದು. ಆಮೇಲೆ, “ತೆಗೀಬೇಕೋ ಬ್ಯಾಡೋ ಅಂತ ಪುಸ್ತಕನೂ ನೋಡಿನ್ರಿ ಮೇಡಂ,” ಎಂದಳು. “ಓದಿನಿ. ತಿಳೀಲಿಲ್ಲ.”

ಯಾವ ಪುಟ ಎಂದು ಪಂಚಶೀಲಾ ಕೇಳಬೇಕಾಗಿರಲಿಲ್ಲ. ‘ಪೂರೈಕೆಯನ್ನು ವಿಚ್ಛೇದಿಸದ ಹೊರತು ಆವರಣವನ್ನು ತೆರೆಯತಕ್ಕದ್ದಲ್ಲ.’ ಕರೆಂಟು ಬಂದ್ ಮಾಡದೆ ಪೆಟ್ಟಿಗೆ ತೆಗೆಯಬೇಡ ಎಂಬುದನ್ನು ಪುಸ್ತಕ ಹೀಗೆ ಹೇಳಿತ್ತು. ಮಲ್ಲೇಶ್ವರಿಗೆ ಆವರಣ ಎಂದರೆ ಶಾಲೆಯ ಆವರಣ. ವಿಚ್ಛೇದನ ಎಂದರೆ ಗಂಡ ಹೆಂಡತಿ ಬಿಟ್ಟಿರುವುದು. ಪೂರೈಕೆ ಎಂದರೆ ನಳದ ನೀರು. ಇದು ಯಾವುದೋ ಕಂಪೌಂಡಿನ ವಿಷಯವಿರಬೇಕು, ನನ್ನ ಪೆಟ್ಟಿಗೆಯದಲ್ಲ ಎಂದುಕೊಂಡು ಅವಳು ಪುಸ್ತಕ ಮುಚ್ಚಿದ್ದಳು. ಅದೇ ವಾಕ್ಯವನ್ನು ಹಿಂದಿನ ತಿಂಗಳು ಪಾಠದಲ್ಲಿ ಒಂದೂ ತಪ್ಪಿಲ್ಲದೆ ಓದಿದವಳು ಅವಳೇ. ಆ ದಿನ ಪಂಚಶೀಲಾ ಅರ್ಥ ಕೇಳದೆ ಶಾಬಾಶ್ ಎಂದು ಮುಂದಕ್ಕೆ ಹೋಗಿದ್ದಳು.

ಶಹಾಪುರಕ್ಕೆ ಮರಳಿದ ಮೇಲೆ ಅವಳ ಪಾಠದ ರೀತಿಯೇ ಬದಲಾಯಿತು. ಓದಿದ ಪ್ರತಿ ವಾಕ್ಯವನ್ನೂ ಪ್ರತಿಯೊಬ್ಬರೂ ಮನೆಯಲ್ಲಿ ಆಡುವ ಮಾತಿನಲ್ಲಿ ತಿರುಗಿ ಹೇಳಬೇಕು, ಅಲ್ಲಿಯ ತನಕ ಅವಳು ಮುಂದಕ್ಕೆ ಹೋಗುತ್ತಿರಲಿಲ್ಲ. ಕೆಲವು ದಿನ ಒಂದೇ ವಾಕ್ಯದಲ್ಲಿ ಪಾಠ ಮುಗಿಯುತ್ತಿತ್ತು. ಹುಡುಗರಿಗೆ ಬೇಸರವಾಯಿತು. ನಮಗೆ ಪರೀಕ್ಷೆಯ ಪ್ರಶ್ನೆ ಉತ್ತರ ಕೊಟ್ಟುಬಿಡಿ ಸಾಕು ಎಂದು ಒಬ್ಬ ಮೆಸೇಜ್ ಹಾಕಿದ. ಪರದೆಯ ಮೇಲಿನ ಹೆಸರುಗಳು ಕಡಿಮೆಯಾಗುತ್ತ ಬಂದವು. ಸಿಲೆಬಸ್ ಹಿಂದೆ ಬಿದ್ದಿದೆ ಎಂದು ಪ್ರಿನ್ಸಿಪಾಲರು ಎಚ್ಚರಿಸಿದರು. ಅವರ ಮಾತೂ ಸುಳ್ಳಲ್ಲ. ಯಾದಗಿರಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಬರೆಯುವ ಪರೀಕ್ಷೆ ಯಾರಿಗಾಗಿಯೂ ಕಾಯುವುದಿಲ್ಲ. ಪಂಚಶೀಲಾ ಬೆಳಿಗ್ಗೆ ಸಿಲೆಬಸ್ ಮುಗಿಸಿ, ಸಂಜೆ ಬರಿಯ ಓದಿನ ಪಾಠ ಬೇರೆ ಇಟ್ಟುಕೊಂಡಳು. ಅದಕ್ಕೆ ಬಂದವರು ಬೆರಳೆಣಿಕೆಯಷ್ಟು. ಒಂದು ಸಂಜೆ ಜೈಭೀಮ ಎಂಬ ಹುಡುಗ ಓದುತ್ತಲೇ ಅರ್ಧಕ್ಕೆ ನಿಂತು, ನನಗೆ ಇದು ತಿಳಿದಿಲ್ಲ ಮೇಡಂ ಎಂದ. ಮೊಬೈಲಿನಲ್ಲಿ ಪಾಠ ಶುರುವಾದಾಗಿನಿಂದ ಯಾರೊಬ್ಬರೂ ಆ ಮಾತು ಆಡಿರಲಿಲ್ಲ. ಅವಳ ಕಣ್ಣು ತುಂಬಿತು. ಕ್ಯಾಮೆರಾ ಬಂದ್ ಮಾಡಿ ಪಾಠ ಮುಂದುವರಿಸಿದಳು.

ಮಲ್ಲೇಶ್ವರಿ ಮಾತ್ರ ಬರಲಿಲ್ಲ. ಫೋನು ಎತ್ತುತ್ತಿರಲಿಲ್ಲ. ಪರೀಕ್ಷೆಗೂ ಅವಳು ಹೋಗಲಿಲ್ಲ. ಸುರಪುರದಲ್ಲಿ ಸೋದರಮಾವನ ಬಟ್ಟೆ ಅಂಗಡಿಯಲ್ಲಿದ್ದಾಳೆ ಎಂದು ತಿಳಿದು ಪಂಚಶೀಲಾ ಅಲ್ಲಿಗೇ ಹೋದಳು. ಹುಡುಗಿ ಎಡಗೈಯಲ್ಲಿ ಸೀರೆ ಮಡಿಸಿಡುತ್ತಿದ್ದಳು. ಬಲಗೈ ಓಢಣಿಯ ಒಳಗಿತ್ತು. ಮುಂದಿನ ಸಲ ಪರೀಕ್ಷೆ ಕಟ್ಟಬಹುದು, ಎಡಗೈಯಲ್ಲಿ ಮೌಸ್ ಹಿಡಿದೂ ಬರೆಯಬಹುದು, ಹಗಲಿಡೀ ಬೇಕಾದರೂ ತಾನು ಜೊತೆಗೆ ಕೂತು ಓದಿಸುತ್ತೇನೆ ಎಂದು ಪಂಚಶೀಲಾ ಬೇಡಿಕೊಂಡಳು. ಮಲ್ಲೇಶ್ವರಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು.

“ನಿಮ್ಮ ಮ್ಯಾಲ ಸಿಟ್ಟಿಲ್ರಿ ಮೇಡಂ. ಖರೇ ಹೇಳ್ತೀನಿ. ಆದ್ರ ಈಗ ಏನ್ ಓದಿದ್ರೂ ಹೆದ್ರಿಕಿ ಬರ್ತದ್ರಿ. ತಿಳಿದಿದ್ದು ಖರೇ ತಿಳಿದದೋ ಇಲ್ಲೋ ಅನ್ನಸ್ತದ. ಗುಳಿಗಿ ಚೀಟಿ ಸುದ್ದಾ ಅವ್ವನ ಕೈಲೆ ಕೊಟ್ಟು ಅಂಗಡ್ಯಾವ್ರನ್ನ ಕೇಳಸ್ತೀನಿ.”

ಗಿರಾಕಿಗಳು ಬಂದರು. ಮಲ್ಲೇಶ್ವರಿ ಎದ್ದು ಅವರತ್ತ ಹೋದಳು. ಪಂಚಶೀಲಾ ಹೊರಬಂದಳು.

ಶಹಾಪುರದ ಬಸ್ಸಿನಲ್ಲಿ ಕುಳಿತಾಗ ಸಂಜೆಯ ಪಾಠದ ಹೊತ್ತಾಗಿತ್ತು. ಇವತ್ತು ಬೇಡ ಎಂದು ಮೆಸೇಜ್ ಬರೆದಳು, ಕಳಿಸಲಾಗದೆ ಅಳಿಸಿದಳು. ಇಯರ್‌ಫೋನ್ ಹಾಕಿಕೊಂಡು ಪಾಠ ತೆರೆದಳು. ಜೈಭೀಮನ ಹೆಸರು ಬಂತು, ಇನ್ನೊಬ್ಬನದು ಬಂತು. ಅರ್ಥಿಂಗ್ ತಂತಿಯ ಬಗೆಗಿನ ಒಂದು ಸಾಲನ್ನು ಜೈಭೀಮ ಓದಿದ. ಅದರ ಅರ್ಥವನ್ನು ತನ್ನ ಮಾತಿನಲ್ಲಿ ಹೇಳತೊಡಗಿದಾಗ ಬಸ್ಸು ಬಯಲಿಗೆ ಇಳಿದು ದನಿ ನಿಂತುಹೋಯಿತು. ಅವಳು ಪಾಠ ಮುಚ್ಚಲಿಲ್ಲ. ಫೋನನ್ನು ಕಿಟಕಿಯ ಸರಳಿಗೆ ಹತ್ತಿರ ಹಿಡಿದು, ಅವನು ಏನು ಹೇಳಿದ ಎಂದು ಕೇಳುವುದಕ್ಕೆ ಕಾಯುತ್ತ ಕುಳಿತಳು.