ಅಡುಗೆಮನೆಯ ಡ್ಯಾನ್ಯೂಬ್

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಅಲ್ಲಿ ಮಗಳ ಮನೆಯಲ್ಲಿದ್ದ ರುಮೇನಿಯಾದ ಅಜ್ಜರೊಬ್ಬರಿಗೆ ಸೊಂಟದ ಆಪರೇಷನ್ ಆಗಿತ್ತು. ಗಾಯ ಮಾಗಿದ್ದರೂ ಸೋಫಾ ಬಿಟ್ಟು ಏಳಲೊಲ್ಲರು. ಹೀಗೇ ಕೂತರೆ ಕಾಲು ಕೈಕೊಡುತ್ತದೆಂದು ಮಗಳಿಗೆ ಭಯ.

"ಎದ್ದು ಎಲ್ಲಿಗೆ ಹೋಗಲಿ? ಈ ಊರಲ್ಲಿ ನಡೆಯೋರು ಯಾರಿದ್ದಾರೆ?" ಎಂದರು ಅಜ್ಜ.

ಹ್ಯೂಸ್ಟನ್ ಮಟ್ಟಿಗೆ ಅದು ಸುಳ್ಳೇನಲ್ಲ. ನಾನು ತಬ್ಬಿಬ್ಬಾಗಿ, "ನಿಮ್ಮೂರಲ್ಲಿ ಎಲ್ಲಿ ನಡೀತಿದ್ರಿ ಅಂಕಲ್?" ಎಂದೆ.

ಅವರ ಊರು ಗಲಾತ್ಸ್, ಡ್ಯಾನ್ಯೂಬ್ ನದಿಯ ಬಂದರು. ಅಲ್ಲಿ ಹಡಗು ಎಳೆಯುವ ದೋಣಿ ನಡೆಸುತ್ತಿದ್ದರಂತೆ. "ನದಿ ದಂಡೆ ಮೇಲೆ. ಸಂಜೆಯಾದ್ರೆ ಇಡೀ ಊರೇ ಅಲ್ಲಿರುತ್ತೆ."

"ಮನೆಯಿಂದ ಹೇಗೆ ಹೋಗೋದು?"

ಹೇಳಿದರು. ನನಗೆ ನಿಜಕ್ಕೂ ತಲೆಬುಡ ತಿಳಿಯಲಿಲ್ಲ, ಹಾಗೇ ಹೇಳಿದೆ.

"ಇಷ್ಟೂ ಗೊತ್ತಾಗಲ್ವಾ?" ಎಂದು ರೇಗಿ, ವಾಕರ್ ಹಿಡಿದು ಎದ್ದೇಬಿಟ್ಟರು! "ಈ ಸೋಫಾನೇ ನಮ್ಮನೆ ಬಾಗಿಲು. ಇಲ್ಲಿಂದ ಇಳಿಜಾರು. ಈ ಕಡೆ ಸಾಲುಮರ, ಆ ಕಡೆ ಹಡಗು ಕಟ್ಟೋ ಜಾಗ."

ನಾನು ಅವರ ಬೆನ್ನ ಹಿಂದೆ ಕೈ ಚಾಚಿಕೊಂಡೇ ಹೋದೆ. "ಆಮೇಲೆ?" ಎಂದಾಗಲೆಲ್ಲ ಇನ್ನೊಂದು ಹೆಜ್ಜೆ. ಕೊನೆಗೆ ಅಡುಗೆಮನೆ ಸಿಂಕ್ ಹಿಡಿದು ನಿಂತು, ಏದುಸಿರಲ್ಲೇ, "ಇದೇ ಡ್ಯಾನ್ಯೂಬ್" ಎಂದರು. ಪಾತ್ರೆ ತೊಳೆಯುತ್ತಿದ್ದ ಮಗಳು ಒದ್ದೆ ಕೈಯಲ್ಲೇ ಅಪ್ಪನನ್ನು ತಬ್ಬಿಕೊಂಡಳು.

ಮುಂದಿನ ಸಲ ಹೋದಾಗ ಅಜ್ಜ ಬೂಟು ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು. "ಇವತ್ತು ಮೀನು ಮಾರ್ಕೆಟ್ ತೋರಿಸ್ತೀನಿ."

ನಾನು ಮೀನು ತಿನ್ನುವವಳಲ್ಲ. ಆದರೂ, "ಎರಡು ಮಾರ್ಕೆಟ್ ಇದ್ರೆ, ದೂರದ್ದಕ್ಕೇ ಹೋಗೋಣ ಅಂಕಲ್" ಎಂದೆ.