ಮಾಠ್‌ಗೆ ಹೋಗುವ ಗಂಡ

ತರಕಾರಿಯವನು ನಗುತ್ತಾ ಮಾತಾಡಿಸಿದರೆ ಬದನೆಕಾಯಿಯನ್ನು ಎರಡೆರಡು ಸಲ ತಿರುಗಿಸಿ ನೋಡುವವಳು ನಾನು. ಅನುಮಾನ ನನ್ನ ರಕ್ತದಲ್ಲೇ ಇದೆ. ಹಾಗಾಗಿ ಮದುವೆಯಾಗಿ ಮೈಸೂರಿನಿಂದ ಕಲ್ಕತ್ತಕ್ಕೆ ಬಂದ ಮೊದಲ ಚಳಿಗಾಲದಲ್ಲೇ ನನಗೆ ಕೈತುಂಬ ಕೆಲಸ ಸಿಕ್ಕಿತು.

ನನ್ನ ಗಂಡನ ಮನೆಯವರು ಉಡುಪಿ ಕಡೆಯವರು. ಎಸ್ಪ್ಲನೇಡ್ ಹಿಂದಿನ ಗಲ್ಲಿಯೊಂದರಲ್ಲಿ ಅವರದೊಂದು ಚಿಕ್ಕ ಹೋಟೆಲ್ಲು. ಮನೆ ಸಾಲ್ಟ್ ಲೇಕಿನಲ್ಲಿ. ಗಂಡ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ; ಅವರ ಕನ್ನಡಕ್ಕೆ ಅರ್ಧ ಕರಾವಳಿಯ ರಾಗ, ಇನ್ನರ್ಧ ಬಂಗಾಳಿ. ಹೋಟೆಲಿನ ಗದ್ದಲ ಮುಗಿಸಿ ಸಂಜೆ ಮನೆಗೆ ಬಂದು, ಕಾಫಿ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಒಂದೇ ಮಾತು ಹೇಳುತ್ತಿದ್ದರು.

"ನಾನು ಮಾಠ್‌ಗೆ ಹೋಗಿ ಬರ್ತೇನೆ."

ಮಠಕ್ಕೆ ಎನ್ನುವುದನ್ನೇ ಎಳೆದು ಮಾಠ್‌ಗೆ ಅನ್ನುತ್ತಾರೆಂದು ನಾನು ತಿಳಿದೆ. ಅವರು ಎಳೆಯದ ಅಕ್ಷರ ಯಾವುದಿತ್ತು? ಉಡುಪಿಯ ಜನಕ್ಕೂ ಮಠಕ್ಕೂ ಇರುವ ನಂಟು ಗೊತ್ತಿದ್ದದ್ದರಿಂದ ಮೊದಮೊದಲು ಸಂತೋಷವೇ ಆಯಿತು, ಸಿಗರೇಟು ಸೇದಲು ಹೋಗುವ ಗಂಡನಿಗಿಂತ ವಾಸಿ ಎಂದು. ಆದರೆ ದಿನಾ ಹೋಗುವುದೆಂದರೇನು? ಹೊಸದಾಗಿ ಮದುವೆಯಾದವರು ಹೆಂಡತಿಯನ್ನು ಬಿಟ್ಟು, ಮಳೆ ಬರಲಿ ಚಳಿ ಇರಲಿ, ಮಠಕ್ಕೆ? ಒಮ್ಮೆಯಾದರೂ ನೀನೂ ಬಾ ಎನ್ನಬೇಡವೇ? ವಾಪಸು ಬರುವಾಗ ಕಾಲೆಲ್ಲ ಧೂಳು, ಮುಖದಲ್ಲಿ ಮಾತ್ರ ಅದೇನೋ ಶಾಂತಿ. ನನಗೆ ಆ ಶಾಂತಿಯೇ ಹಿಡಿಸಲಿಲ್ಲ.

ಕೇಳಿಬಿಡಬಹುದಿತ್ತು. ಆದರೆ ಅನುಮಾನದವರು ಬಾಯಿಬಿಟ್ಟು ಕೇಳುವುದಿಲ್ಲ, ಸಾಕ್ಷಿ ಕೂಡಿಸುತ್ತಾರೆ. ಸಾಕ್ಷಿಗೇನೂ ಬರವಿರಲಿಲ್ಲ. "ಮಾಠ್‌ನಲ್ಲಿ ದಾದಾ ಹೇಳಿದ್ರು" ಎಂದು ಆಗಾಗ ಅನ್ನುತ್ತಿದ್ದರು; ಆ ದಾದಾ ಯಾರೋ ದೊಡ್ಡ ಸ್ವಾಮಿಗಳೇ ಇರಬೇಕೆಂದುಕೊಂಡೆ. ಸರಸ್ವತಿ ಪೂಜೆಯ ದಿನ ಬಿಸಿ ಖಿಚಡಿಯ ಡಬ್ಬಿ ಹಿಡಿದು ಬಂದು, "ತಗೋ, ಮಾಠ್‌ನ ಪ್ರಸಾದ" ಎಂದರು. ಇನ್ನೇನು ಬೇಕು? ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಅತ್ತೆಯದು. ಸೊಪ್ಪು ಬಿಡಿಸುತ್ತಾ ಅವರಾಗಿಯೇ ನಿಟ್ಟುಸಿರು ಬಿಟ್ಟರು.

"ಅವ ಸಣ್ಣದಿಂದಲೂ ಮಾಠ್‌ನಲ್ಲೇ ಬೆಳೆದವ ಮಾರಾಯ್ತಿ. ಮದುವೆ ಆದ ಮೇಲಾದ್ರೂ ಕಮ್ಮಿ ಮಾಡ್ತಾನೆ ಅಂತ ಎಣಿಸಿದ್ದೆ. ಎಲ್ಲಿ!"

ಅಲ್ಲಿಗೆ ಎಲ್ಲ ಅರ್ಥವಾಯಿತು. ಸನ್ಯಾಸದ ಹುಚ್ಚು ಬಿಡಿಸಲು ನನ್ನನ್ನು ತಂದಿದ್ದಾರೆ, ಮತ್ತು ಅದು ಬಿಟ್ಟಿಲ್ಲ. ಇವತ್ತಲ್ಲ ನಾಳೆ ಈ ಮನುಷ್ಯ ಕಾವಿ ಉಟ್ಟು ಹೋಗುತ್ತಾರೆ. ಭಾಷೆ ಬಾರದ ಊರಿನಲ್ಲಿ, ಸೊಪ್ಪು ಬಿಡಿಸುವ ಅತ್ತೆಯ ಎದುರು, ನಾನು ಉಳಿಯುತ್ತೇನೆ.

ಪರೀಕ್ಷೆ ಶುರು ಮಾಡಿದೆ. ಒಂದು ದಿನ ಈರುಳ್ಳಿ ಬೆಳ್ಳುಳ್ಳಿ ಎರಡನ್ನೂ ಬಿಟ್ಟು ಅಡುಗೆ ಮಾಡಿದೆ, ಏನನ್ನುತ್ತಾರೋ ನೋಡೋಣ ಎಂದು. ಸುಮ್ಮನೆ ಉಂಡರು. ಮರುದಿನವೂ ಹಾಗೇ ಮಾಡಿದೆ, ಮತ್ತೂ ಸುಮ್ಮನೆ ಉಂಡರು. ಏಕಾದಶಿ ಉಪವಾಸ ಹಿಡಿದೆ. ನನ್ನ ಮುಖವನ್ನೇ ನೋಡುತ್ತಾ ಕೂತರು. ಯಾರಿಗೂ ಹೇಳದೆ ಮೆಟ್ರೋ ಹತ್ತಿ ಕಾಳಿಘಾಟಿಗೆ ಹೋಗಿ, ಇವರನ್ನು ಮಠದಿಂದ ಬಿಡಿಸು ತಾಯಿ ಎಂದು ಹರಕೆ ಹೊತ್ತು, ಕಾಳಿಗೆ ಏರಿಸುವ ಕೆಂಪು ದಾಸವಾಳ ತಂದು ದೇವರ ಮುಂದಿಟ್ಟೆ. ಸಂಜೆ ಆ ಹೂವನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ.

ಆ ವಾರವೇ ಅಡುಗೆಮನೆಯ ಬಾಗಿಲು ಹಾಕಿಕೊಂಡು ಮೈಸೂರಿನ ಅಮ್ಮನಿಗೆ ಫೋನು ಮಾಡಿದೆ.

"ಅವ್ರು ಬಿಟ್ಟು ಹೋಗೋಕ್ ಮುಂಚೆ ನಾನೇ ಬಂದ್ಬಿಡ್ತೀನಿ ಕಣಮ್ಮ. ಗಂಡ ಬಿಟ್ಟೋಳು ಅನ್ನಿಸ್ಕೊಳ್ಳೋದಕ್ಕಿಂತ ಬಿಟ್ಟು ಬಂದೋಳು ಅನ್ನಿಸ್ಕೊಳ್ಳೋದು ಮೇಲು."

ಅಮ್ಮ ದುಡುಕಬೇಡ ಎಂದರು. ಇನ್ನೊಂದೇ ಒಂದು ಸಾಕ್ಷಿ ಸಿಗಲಿ ಎಂದು ನಾನು ಕಾದೆ. ಅದು ತಾನಾಗಿಯೇ ನಡೆದು ಬಂತು.

"ಭಾನುವಾರ ಒಂದು ಕಡೆ ಹೋಗುವಾ" ಎಂದರು ಇವರು, ನನ್ನ ಕಣ್ಣು ತಪ್ಪಿಸಿ. "ಪುರುಲಿಯಾ ಕಡೆ ಬೆಟ್ಟದ ಮೇಲೆ ಒಂದು ಆಶ್ರಮ ಉಂಟು. ಬೆಳಿಗ್ಗೆ ಹೋಗಿ ಅದೇ ದಿನ ಬರ್ಬಹುದು. ಅಲ್ಲಿಯ ಮಹಾರಾಜ್ ಹತ್ರ ಸ್ವಲ್ಪ ಮಾತಾಡ್ಲಿಕ್ಕೆ ಉಂಟು."

ಮಹಾರಾಜ್ ಎಂದರೆ ಇಲ್ಲಿ ಸನ್ಯಾಸಿ. ಊರಿನ ಮಠ ಸಾಲದೆ ಈಗ ಬೆಟ್ಟದ ಮಠ. ಆಗಲಿ, ಎದುರಿಗೇ ನೋಡಿಬಿಡೋಣ ಎಂದು ಹೊರಟೆ.

ಭಾನುವಾರ ಬೆಳಗಿನ ಜಾವ ಧೂಳು ಕಾಣದಿರಲೆಂದು ನಸುಗೇಸರಿ ಬಣ್ಣದ ಕಾಟನ್ ಸೀರೆ ಉಟ್ಟು ಹೊರಗೆ ಬಂದರೆ, ಇವರು ಬೆಚ್ಚಿಬಿದ್ದರು.

"ಈ ಸೀರೆ ಬೇಡ. ಬೇರೆ ಉಟ್ಟುಕೋ."

"ಯಾಕ್ರೀ? ಆ ಬಣ್ಣ ಸ್ವಾಮಿಗಳಿಗೆ ಮಾತ್ರನಾ?"

ನಾನು ಸೀರೆ ಬದಲಿಸಲಿಲ್ಲ. ಹೌರಾದಲ್ಲಿ ರೈಲು ಹತ್ತಿದ ಮೇಲೆ ಅವರ ಫೋನು ಇಸಿದುಕೊಂಡು ವಾಪಸು ಟಿಕೆಟ್ ಎರಡಿದೆಯೋ ಒಂದೋ ನೋಡಿದೆ. ಎರಡಿತ್ತು. ಅದರಿಂದೇನು, ಒಂದನ್ನು ರದ್ದು ಮಾಡಲು ಎಷ್ಟು ಹೊತ್ತು ಬೇಕು? ಇವರೋ, ನನ್ನ ಚೀಲ ಹೊರುತ್ತೇನೆಂದು ಕಸಿದುಕೊಂಡು, ನಾನು ಕಿಟಕಿಯ ಕಡೆ ತಿರುಗಿದಾಗ ಅದರೊಳಗೆ ಇಣುಕಿದರು. ನೀರಿನ ಬಾಟಲಿ, ಬಾಚಣಿಗೆ, ಚಿತ್ರಾನ್ನದ ಡಬ್ಬಿ. ಏನು ಹುಡುಕುತ್ತಿದ್ದಾರೆಂದು ತಿಳಿಯದೆ ನನ್ನ ತಲೆ ಇನ್ನಷ್ಟು ಕೆಟ್ಟಿತು. ಹೊರಗೆ ಮುತ್ತುಗದ ಮರಗಳು ಎಲೆ ಉದುರಿಸಿ ಬರೀ ಹೂವಾಗಿ ನಿಂತಿದ್ದವು. ಇನ್ನೊಂದು ದಿನವಾಗಿದ್ದರೆ ಎಷ್ಟು ಕುಣಿಯುತ್ತಿದ್ದೆನೋ.

ಸ್ಟೇಷನ್ನಿನಿಂದ ಟೋಟೋ ಎಂಬ ಬ್ಯಾಟರಿ ರಿಕ್ಷಾ, ಆಮೇಲೆ ಕಲ್ಲಿನ ಮೆಟ್ಟಿಲು. ಬೆಟ್ಟ ದೊಡ್ಡದಲ್ಲ, ಮೇಲೆ ಸುಣ್ಣ ಬಳಿದ ನಾಲ್ಕು ಕೋಣೆ, ಒಂದು ದೇವರ ಮನೆ, ತಂತಿಯ ಮೇಲೆ ಒಣಗುತ್ತಿದ್ದ ಕಾವಿ ಬಟ್ಟೆ. ಆ ಬಟ್ಟೆ ಇವರ ಅಳತೆಯದೇ ಎಂದು ನನಗೆ ಅನ್ನಿಸಿತು. ಆ ಹೊತ್ತಿಗೆ ನನಗೆ ಏನು ಬೇಕಾದರೂ ಅನ್ನಿಸುತ್ತಿತ್ತು.

"ನೀನು ಇಲ್ಲೇ ಕೂತಿರು. ನಾನು ಮಾತಾಡಿ ಬರ್ತೇನೆ" ಎಂದು ನನ್ನನ್ನು ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿ ಒಳಗೆ ಹೋದರು. ಕೂರುವ ಹೆಣ್ಣೇ ನಾನು? ಕಿಟಕಿಯ ಕೆಳಗೆ ಹೋಗಿ ನಿಂತೆ.

ಒಳಗೆ ಬಂಗಾಳಿಯಲ್ಲಿ ಮಾತು ನಡೆದಿತ್ತು. ನನಗೆ ಗೊತ್ತಿದ್ದದ್ದು ಬೆರಳೆಣಿಕೆಯ ಶಬ್ದಗಳು. ಬೊಉ ಎಂದರೆ ಹೆಂಡತಿ. ಛೆಡೆ ಎಂದರೆ ಬಿಟ್ಟು. ಇವರ ದನಿ ಕೇಳಿಸಿತು. "ಬೊಉ... ಛೆಡೆ ಚೊಲೆ ಜಾಬೇ." ಬಿಟ್ಟು ಹೊರಟು ಹೋಗುವ ಮಾತು. ನಮ್ಮ ಕನ್ನಡದಲ್ಲಾದರೆ ಹೋಗ್ತೇನೆಯೋ ಹೋಗ್ತಾಳೆಯೋ ಎಂದು ಕೊನೆಯಲ್ಲಿ ಹೋಗುವವರು ಯಾರೆಂದು ತಿಳಿಯುತ್ತದೆ. ಆ ಭಾಷೆಯ ಬಾಲ ನನಗಿನ್ನೂ ಕೈಗೆ ಸಿಕ್ಕಿರಲಿಲ್ಲ. ಹೆಂಡತಿಯನ್ನು ಬಿಟ್ಟು ಬರುತ್ತೇನೆ ಎನ್ನುತ್ತಿದ್ದಾರೆಂದೇ ಅರ್ಥ ಮಾಡಿಕೊಂಡೆ.

ಬಾಗಿಲು ತಳ್ಳಿ ಒಳಗೆ ನುಗ್ಗಿದೆ. ಮುದುಕರೊಬ್ಬರು ಚಾಪೆಯ ಮೇಲೆ ಕೂತು ಮುರಿ ತಿನ್ನುತ್ತಿದ್ದರು. ಮುರಿ ಎಂದರೆ ಮಂಡಕ್ಕಿ. ನನ್ನ ಹರಕು ಹಿಂದಿಯಲ್ಲಿ, ಇವರನ್ನು ಸೇರಿಸಿಕೊಳ್ಳಬೇಡಿ, ಇವರು ಸಂಸಾರಸ್ಥರು, ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಅತ್ತುಬಿಟ್ಟೆ.

ಮಹಾರಾಜ್ ಬಟ್ಟಲು ಕೆಳಗಿಟ್ಟರು. ಹಿಂದಿಯಲ್ಲೇ ಕೇಳಿದರು. "ಇವರು ನಿಮ್ಮನ್ನು ಸೇರಿಸಿಕೊಳ್ಳಬೇಡಿ ಎನ್ನುತ್ತಾರೆ. ನೀವು ಇವರನ್ನು ಬೇಡ ಎನ್ನುತ್ತೀರಿ. ಹಾಗಾದರೆ ಸನ್ಯಾಸಕ್ಕೆ ಬಂದವರು ಯಾರಮ್ಮಾ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ನೀವು ದಿನಾ ಮಠಕ್ಕೆ ಹೋಗ್ತೀರಲ್ಲ!" ಎಂದೆ.

"ಮಠ ಎಲ್ಲಿ? ಮಾಠ್! ಮೈದಾನ! ನಮ್ಮ ಬ್ಲಾಕಿನ ಗ್ರೌಂಡ್ ಮಾರಾಯ್ತಿ, ಹುಡುಗರು ಫುಟ್‌ಬಾಲ್ ಆಡುವಲ್ಲಿ, ಪೂಜೆಗೆ ಪೆಂಡಾಲ್ ಹಾಕುವಲ್ಲಿ! ಹುಲ್ಲಿನ ಮೇಲೆ ನಾಲ್ಕು ಸುತ್ತು ಬರಿಗಾಲಲ್ಲಿ ನಡೆದು, ಬ್ಲಾಕಿನ ಅಣ್ಣಂದಿರು, ಆ ದಾದಾಗಳ ಜೊತೆ ಹರಟೆ ಹೊಡೆದು ಬರುದು. ನೀನೇ ಈರುಳ್ಳಿ ಬಿಟ್ಟೆ, ಉಪವಾಸ ಹಿಡಿದೆ, ಕದ್ದು ಕಾಳಿಘಾಟಿಗೆ ಹೋದೆ. ಇವತ್ತು ಕಾವಿಯನ್ನೂ ಉಟ್ಟೆ. ಈ ಮಹಾರಾಜ್ ಅಂಥವರಿಗೆ ಬುದ್ಧಿ ಹೇಳಿ ಮನೆಗೆ ಕಳಿಸ್ತಾರಂತೆ ಅಂತ ಹೋಟೆಲಿಗೆ ಬರುವವರೊಬ್ಬರು ಹೇಳಿದ್ರು."

ಮಠ, ಮಾಠ್ ಎರಡೂ ಗೊತ್ತಿದ್ದ ಮಹಾರಾಜ್ ಕೆಮ್ಮು ಬರುವಷ್ಟು ನಕ್ಕರು. ನಾನೂ ಕಣ್ಣು ಒರೆಸಿಕೊಂಡು ನಕ್ಕೆ. ನನ್ನನ್ನು ಉಳಿಸಿಕೊಳ್ಳಲು ಒಬ್ಬರು ಬೆಟ್ಟ ಹತ್ತಿ ಬಂದಿದ್ದರು. ಅಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಊಟದ ಹೊತ್ತಿಗೆ ಎಲೆಯ ಮೇಲೆ ಬಿದ್ದದ್ದನ್ನೆಲ್ಲ ಉಂಡೆ, ಕೇಳಿ ಕೇಳಿ ಹಾಕಿಸಿಕೊಂಡೆ.

ಇವರು ಮಾತ್ರ ಸರಿಯಾಗಿ ಉಣ್ಣಲಿಲ್ಲ. ಮೆಟ್ಟಿಲು ಇಳಿಯುವಾಗ ಮುಂದೆ ಮುಂದೆ ಹೋಗುತ್ತಿದ್ದವರು ನಿಂತರು. ತಿರುಗಿ ನೋಡದೆ ಕೇಳಿದರು.

"ಅಡುಗೆಮನೆಯ ಬಾಗಿಲು ಹಾಕಿ ಅಮ್ಮನ ಹತ್ರ ಮಾತಾಡಿದೆಯಲ್ಲ, ಬಿಟ್ಟು ಬಂದೋಳು ಅನ್ನಿಸ್ಕೊಳ್ಳೋದು ಮೇಲು ಅಂತ. ನಾನು ನೀರಿಗೆ ಬಂದವ ಹೊರಗೆ ನಿಂತಿದ್ದೆ, ಅಷ್ಟೇ ಕೇಳಿದ್ದು. ಆಶ್ರಮಕ್ಕೆ ಅಂತ ಎಣಿಸಿದೆ. ಆಶ್ರಮ ಅಲ್ಲದಿದ್ರೆ, ಎಲ್ಲಿಗೆ ಹೊರಟದ್ದು ನೀನು?"

ಸುಳ್ಳು ಹೇಳಬಹುದಿತ್ತು.

"ಮೈಸೂರಿಗೆ" ಎಂದೆ.

ಅವರು ತಲೆಯಾಡಿಸಿದರು, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಇಳಿದರು. ರೈಲಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ಚಹಾ ಕೊಡಿಸಿ, ಮುತ್ತುಗದ ಹೂವು ತೋರಿಸಿ ಎಲ್ಲ ಚೆನ್ನಾಗಿಯೇ ಇದ್ದರು.

ಇದಾಗಿ ಎಷ್ಟೋ ವರ್ಷವಾಯಿತು. ಬಂಗಾಳಿ ಕಲಿತೆ, ಮಾಠ್‌ಗೆ ನಾನೂ ಹೋಗುತ್ತೇನೆ, ನನ್ನ ಅನುಮಾನವನ್ನು ಹೇಳಿ ಹೇಳಿ ನೆಂಟರನ್ನೆಲ್ಲ ನಗಿಸಿದ್ದೇನೆ. ನಕ್ಕವರಲ್ಲಿ ಇವರೂ ಇರುತ್ತಾರೆ. ಆದರೆ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಲು ಕೂತರೆ ಸಾಕು, ಪಕ್ಕದ ಕೋಣೆಯಲ್ಲಿ ಇವರು ನೋಡುವ ಟಿವಿಯ ಸದ್ದು ಇವತ್ತಿಗೂ ಸಣ್ಣಗಾಗುತ್ತದೆ.